ಒಂದು ಕಣ್ಣಿಗೆ ಎಷ್ಟು ಚಿತ್ರ?

ನಾಲ್ಕು ದಿನವಾಯಿತು, ದೊಡ್ಡಪ್ಪ ಕೇಳಿದ ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ. “ತಮಾ, ತಲೆ ಆಡಿಸಿದರೆ?” ಅಷ್ಟೇ.

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಈಗ ಅಡಿಕೆ ಸುಲಿಯುವ ಕಾಲ. ಶನಿವಾರ ರಾತ್ರಿ ಜಗಲಿಯಲ್ಲಿ ಏಳೆಂಟು ಜನ ಮೆಟ್ಟುಗತ್ತಿ ಹಿಡಿದು ಕುಳಿತಿದ್ದೆವು. ಬೆಂಗಳೂರಿನಿಂದ ಬಂದ ಅಣ್ಣನ ಮಗ ಮಾತ್ರ ಕಂಬಕ್ಕೆ ಒರಗಿ ಉಪನ್ಯಾಸ ಮಾಡುತ್ತಿದ್ದ. ಹುಡುಗ ಜಾಣ. ಆದರೆ ತನಗೆ ಗೊತ್ತಿರುವುದು ಎದುರಿನವರಿಗೆ ಗೊತ್ತಿಲ್ಲ ಎಂಬ ಸಂತೋಷ ಅವನಿಗೆ ತುಸು ಹೆಚ್ಚು. ಅಂದಿನ ವಿಷಯ, ಕನ್ನಡಕ ಇಲ್ಲದೆಯೇ ಹತ್ತಾರು ಜನ ಒಟ್ಟಿಗೆ ನೋಡಬಹುದಾದ ತ್ರೀಡಿ ಪರದೆ.

ಬಚ್ಚಲಿನ ಕನ್ನಡಿ ತಂದು, ಅದಕ್ಕೆ ಟಾರ್ಚ್ ಬಿಟ್ಟು ಮೆಲ್ಲನೆ ಹೊರಳಿಸಿದ. ಬೆಳಕು ಒಬ್ಬೊಬ್ಬರ ಮುಖ ಸವರಿಕೊಂಡು ಗೋಡೆಗೆ ಹೋಯಿತು. ಟಾರ್ಚಿನ ಜಾಗದಲ್ಲಿ ಲೇಸರ್, ಪರದೆಯ ಒಂದೊಂದು ಚುಕ್ಕಿಗೂ ಹೀಗೆ ಹೊರಳುವ ಪುಟ್ಟ ಕನ್ನಡಿ. ಅದು ಎಡದಿಂದ ಬಲಕ್ಕೆ ಹೊರಳುವಷ್ಟರಲ್ಲಿ ಲೇಸರಿನ ಪ್ರಖರತೆ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಒಂದೊಂದು ದಿಕ್ಕಿಗೆ ಒಂದೊಂದು ಚಿತ್ರ, ಎಡಗಣ್ಣಿಗೆ ಬೇರೆ, ಬಲಗಣ್ಣಿಗೆ ಬೇರೆ. ಚಿತ್ರಮಂದಿರದ ತ್ರೀಡಿಯಲ್ಲಿ ಇರುವುದು ಎರಡೇ ಚಿತ್ರ. ಇದರಲ್ಲಿ ನೂರಾರು ಸಾಧ್ಯ. 2015ರಲ್ಲಿ ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದವರು ಟ್ರೈಲೈಟ್ ಎಂಬ ಕಂಪನಿಯ ಜೊತೆ ಸೇರಿ ಇಂಥದೊಂದು ಮಾದರಿ ತೋರಿಸಿದ್ದರಂತೆ. ಅದರಲ್ಲಿ ಇದ್ದದ್ದು ಐದು ಮೂರಲೆ ಹದಿನೈದು ಚುಕ್ಕಿ. ನಮ್ಮ ಚೆನ್ನೆಮಣೆಗಿಂತ ಒಂದೇ ಕುಳಿ ಹೆಚ್ಚು! ನಾನು ನಕ್ಕೆ. ಅವನಿಗೆ ಅದು ಹಿಡಿಸಲಿಲ್ಲ.

ಆಗ ದೊಡ್ಡಪ್ಪ ಕೇಳಿದರು, “ನನ್ನ ಒಂದು ಕಣ್ಣಿಗೆ ಎಷ್ಟು ಚಿತ್ರ ಬರುತ್ತದೆ?”

ಅವರ ಬಲಗಣ್ಣು ಹೋಗಿ ಇಪ್ಪತ್ತು ವರ್ಷವಾಗಿದೆ. ಹಿಂದೊಮ್ಮೆ ಹುಬ್ಬಳ್ಳಿಯಲ್ಲಿ ತ್ರೀಡಿ ಸಿನಿಮಾಕ್ಕೆ ಕರೆದುಕೊಂಡು ಹೋದಾಗ ಕೊಟ್ಟ ಕನ್ನಡಕವನ್ನು ಕೊನೆಯವರೆಗೂ ಹಾಕಿಕೊಂಡೇ ಕುಳಿತಿದ್ದರು. ಹೊರಗೆ ಬಂದ ಮೇಲೆ “ಚೆನ್ನಾಗಿತ್ತು” ಎಂದಿದ್ದರು. ನಾವೂ ಹೌದೆಂದುಕೊಂಡೆವು. ಎಂಥ ಪೆದ್ದರು!

“ಒಂದೇ, ಅಜ್ಜ. ತ್ರೀಡಿಗೆ ಎರಡು ಕಣ್ಣು ಬೇಕು,” ಎಂದ ಹುಡುಗ. ಸ್ವರದಲ್ಲಿ ಕನಿಕರವಿತ್ತು. ನನಗೆ ಸಿಟ್ಟು ಬಂತು.

“ತಮಾ, ತಲೆ ಆಡಿಸಿದರೆ?”

ಹುಡುಗ ಟಾರ್ಚ್ ಆರಿಸಿದ. ಸ್ವಲ್ಪ ಹೊತ್ತು ಮೆಟ್ಟುಗತ್ತಿಯ ಚರಕ್ ಚರಕ್ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. “ಆಗ ಬೇರೆ ಚಿತ್ರ ಬರುತ್ತದೆ,” ಎಂದ ಕೊನೆಗೆ.

“ಹಾಗಾದರೆ ನನಗೂ ಕಾಣುತ್ತದೆ,” ಎಂದು ದೊಡ್ಡಪ್ಪ ಇನ್ನೊಂದು ಅಡಿಕೆ ಎತ್ತಿಕೊಂಡರು.

ಸಿನಿಮಾ ಕನ್ನಡಕ ಅವರಿಗೆ ಕೊಡಲಾರದ್ದನ್ನು ಆ ಹೊರಳುವ ಕನ್ನಡಿ ಕೊಡುತ್ತದೆ. ಕತ್ತು ತುಸು ಅತ್ತಿತ್ತ ಮಾಡಿದರೆ ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಆಳ ತಿಳಿಯಲು ಅಷ್ಟು ಸಾಕು. ಇದನ್ನು ಅವರು ಯಾವ ಪುಸ್ತಕದಲ್ಲೂ ಓದಿದವರಲ್ಲ. ಕಷಾಯ ಬಗ್ಗಿಸುವಾಗ ಪಾತ್ರೆಯ ಅಂಚನ್ನು ಲೋಟದ ಬಾಯಿಗೆ ತಾಗಿಸುತ್ತಾರೆ. ಅಡಿಕೆಯನ್ನು ಕತ್ತಿಗೆ ಒಡ್ಡುವ ಮೊದಲು ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುತ್ತಾರೆ, ಕೋಳಿ ಕಾಳು ನೋಡುವ ಹಾಗೆ. ಇಪ್ಪತ್ತು ವರ್ಷದಲ್ಲಿ ಬೆರಳು ಕೊಯ್ದುಕೊಂಡದ್ದನ್ನು ನಾನು ಕಂಡಿಲ್ಲ.

ವಯಸ್ಸಾದ ಮೇಲೆ ಅಂಟಿಕೊಂಡ ಚಾಳಿ ಎಂದುಕೊಂಡಿದ್ದೆ. ಹೋದ ವರ್ಷ ನೆಂಟರ ಎದುರಿಗೇ, “ಸುಮ್ಮನೆ ತಲೆ ಆಡಿಸಬೇಡಿ, ನೋಡಿದವರು ಏನೆಂದುಕೊಳ್ಳುತ್ತಾರೆ,” ಎಂದು ಗದರಿದ್ದೆ. ಅಂದು ಊಟ ಮುಗಿಯುವವರೆಗೂ ಅವರು ಆಡಿಸಲಿಲ್ಲ. ಮಜ್ಜಿಗೆ ಲೋಟ ಉರುಳಿದ್ದು ಅವತ್ತೇ.