ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ

ಆ ಮಂಗಳವಾರ ಬೆಳಿಗ್ಗೆ ಚಿನ್ನುವಿನ ಅಮ್ಮ ಶಾಲೆಗೆ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ "ತಪ್ಪಾಯ್ತು ಮಿಸ್" ಅಂದರು. ನಾನಿನ್ನೂ ಬಾಯೇ ತೆರೆದಿರಲಿಲ್ಲ. ಕೂತ್ಕೊಳ್ಳಿ ಅಂತ ಕೂಡ ಹೇಳಿರಲಿಲ್ಲ.

ಚಿನ್ನು ಅನ್ನೋದು ಹುಡುಗನ ನಿಜವಾದ ಹೆಸರಲ್ಲ. ನಾನು ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಲಿಕಲಿ ಮಿಸ್. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ದುಂಡು ಮೇಜುಗಳ ಸುತ್ತ ಕೂರುತ್ತಾರೆ. ಆ ವರ್ಷ 26 ಮಕ್ಕಳಿದ್ದರು. ಚಿನ್ನು ಒಂದನೇ ತರಗತಿ. ಅವನು ಮೇಜಿನ ಸುತ್ತ ಕೂರುತ್ತಿರಲಿಲ್ಲ, ಮೇಜಿನ ಕೆಳಗೆ ಕೂರುತ್ತಿದ್ದ.

ಹಿಂದಿನ ದಿನ ಆಗಸ್ಟ್ 15ರ ಕವಾಯತಿಗೆ ಡ್ರಮ್ ಬಾರಿಸಿದ್ದೇ ತಡ, ಹುಡುಗ ಕಿವಿ ಮುಚ್ಚಿಕೊಂಡು ಗೇಟು ದಾಟಿ ಓಡಿಬಿಟ್ಟಿದ್ದ. ಕೆರೆ ಏರಿಯ ಮೇಲೆ ಸಿಕ್ಕ. ಕೆರೆ ಏರಿ! ನನ್ನ ಕೈಕಾಲು ನಡುಗುತ್ತಿತ್ತು. ಆ ಭಯದಲ್ಲೇ ಅವನ ಅಮ್ಮನಿಗೆ ಫೋನ್ ಮಾಡಿದೆ. ಸಿಗಲಿಲ್ಲ. ಸಂಜೆ ಸಿಕ್ಕಾಗ, "ನಾಳೆ ಬಂದು ಹೋಗಿ" ಅಂತ ಗಟ್ಟಿ ದನಿಯಲ್ಲೇ ಹೇಳಿದ್ದೆ. ಅವರು ಗಾರ್ಮೆಂಟ್ಸ್‌ಗೆ ಹೋಗುವವರು. ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿಯ ಜೊತೆ ಹಾಜರಾತಿ ಬೋನಸ್ಸೂ ಹೋಗುತ್ತದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಅವರ ಎದುರಿಗೆ ಚಿನ್ನುವಿನ ಡೈರಿ ತೆಗೆದೆ. ನಾನೇ ಬರೆದದ್ದು. "ಇಂದು ಊಟ ಮಾಡಲಿಲ್ಲ." "ಇಂದು ಕಿರುಚಿದ." "ಸಾಲಿನಲ್ಲಿ ನಿಲ್ಲಲಿಲ್ಲ." "ಹೇಳಿದ ಮಾತು ಕೇಳುವುದಿಲ್ಲ." ಎರಡು ತಿಂಗಳಲ್ಲಿ 11 ಸಲ ಬರೆದಿದ್ದೆ. ಹನ್ನೊಂದಕ್ಕೆ ಹನ್ನೊಂದೂ ದೂರು. ಹೀಗಿರುವಾಗ ಆ ಹೆಂಗಸು ಬಾಗಿಲಲ್ಲೇ ಕ್ಷಮೆ ಕೇಳದೆ ಇನ್ನೇನು ಮಾಡಿಯಾರು, ಅಲ್ವಾ? ಡೈರಿ ಮುಚ್ಚಿ ಡ್ರಾಯರ್‌ಗೆ ಹಾಕಿದೆ.

ಅವರು ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಇಟ್ಟರು. ಒಳಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ, ಅಂದರೆ ನಾವೆಲ್ಲ ಆಯಿಷ್ ಅನ್ನುತ್ತೇವಲ್ಲ, ಅಲ್ಲಿಯ ಎರಡು ವರ್ಷ ಹಳೆಯ ರಿಪೋರ್ಟ್. ಆಟಿಸಂ ಅಂತ ಬರೆದಿತ್ತು, ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ಥರ, ಮಾತು, ಬೆರೆಯುವುದು, ಸದ್ದು ಸಹಿಸುವುದು ಎಲ್ಲ ಬೇರೆ ಥರ.

"ಸೇರಿಸೋವಾಗ ಯಾಕೆ ತೋರಿಸಲಿಲ್ಲ?"

"ತೋರ್ಸಿದ್ರೆ ಸೇರಿಸ್ಕೊಳ್ಳಲ್ಲ ಅಂತೀರೇನೋ ಅಂತ ಮಿಸ್. ಮುಂಚೆ ಒಂದ್ ಕಡೆ ಹಂಗೇ ಆಯ್ತು."

ಹಾಗೆ ಯಾರೂ ಅನ್ನುವಂತಿಲ್ಲ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ, ನಿಜ. 2016ರ ಕಾಯ್ದೆ ಏಳು ಬಗೆಯ ವೈಕಲ್ಯವನ್ನು 21ಕ್ಕೆ ಏರಿಸಿತು, ಅದರಲ್ಲಿ ಆಟಿಸಂ ಇದೆ. ಸರ್ಕಾರಿ ಶಾಲೆ ಬಾಗಿಲು ಹಾಕುವ ಹಾಗಿಲ್ಲ. ಇದನ್ನೆಲ್ಲ ಅವರಿಗೆ ವಿವರಿಸಿ ಹೇಳಿದೆ. ಹೇಳುತ್ತಿದ್ದ ಹಾಗೇ ನನಗೇ ನಾಚಿಕೆಯಾಯಿತು. ಬಾಗಿಲು ತೆಗೆದಿದ್ದೆ ಸರಿ, ಒಳಗೆ ಬಂದವನನ್ನು ಎರಡು ತಿಂಗಳು ಏನು ಮಾಡಿದ್ದೆ? ಡಿ.ಎಡ್‌ನಲ್ಲಿ ಹೇಳಿಕೊಡಲಿಲ್ಲ ಅನ್ನಬಹುದು. ಆದರೆ ಕೇಳಿದ್ದರೆ ಹೇಳುವವರು ಅವನ ಮನೆಯಲ್ಲೇ ಇದ್ದರು.

ಆವತ್ತು ಮೊದಲ ಸಲ ಕೇಳಿದೆ, "ಮನೇಲಿ ಅವನು ಏನೇನು ಮಾಡ್ತಾನೆ?" ಏನು ಮಾಡಲ್ಲ ಅಂತ ಅಲ್ಲ, ಏನು ಮಾಡ್ತಾನೆ ಅಂತ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ನಮ್ಮತ್ತೆನ ಕೇಳ್ಬೇಕು ಮಿಸ್. ಹಗಲೆಲ್ಲ ನೋಡ್ಕೊಳ್ಳೋದು ಅವ್ರೇ."

ಸಂಜೆ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಅಜ್ಜಿ ಒಲೆ ಮುಂದೆ ಇದ್ದರು, ಗ್ಯಾಸಿನ ಮೇಲೆ ಕುಕ್ಕರ್. ಚಿನ್ನು ಗೋಡೆಗೆ ಒರಗಿಕೊಂಡು ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಇದ್ದಕ್ಕಿದ್ದ ಹಾಗೆ ಅಜ್ಜಿ, "ಈಗ ಕೂಗ್ತದೆ ಮಗ" ಅಂದರು. ಅವನು ಮುಚ್ಚಳ ಕೆಳಗಿಟ್ಟು ಕಿವಿ ಮುಚ್ಚಿಕೊಂಡ. ಕುಕ್ಕರ್ ಕೂಗಿತು. ಅವನು ಕೈ ತೆಗೆದು ಮತ್ತೆ ಮುಚ್ಚಳ ಜೋಡಿಸತೊಡಗಿದ. ಅಷ್ಟೇ. ಕಿರುಚಾಟ ಇಲ್ಲ, ಓಟ ಇಲ್ಲ.

"ಮುಂಚೇನೇ ಹೇಳ್ಬುಡ್ಬೇಕು ಕಣವ್ವ," ಅಂದರು ಅಜ್ಜಿ. "ಹೇಳ್ದೆ ಕೂಗ್ತು ಅಂದ್ರೆ ಆಚೆಗೆ ಓಡೋಯ್ತನೆ."

ಎರಡು ತಿಂಗಳು ನಾನು ತಲೆ ಕೆಡಿಸಿಕೊಂಡಿದ್ದರ ಉತ್ತರ ಅಲ್ಲಿ ಬೇಳೆ ಜೊತೆ ಬೇಯುತ್ತಿತ್ತು.

ಇನ್ನೊಂದು ವಿಷಯ ಕೇಳಬೇಕಿತ್ತು. ಚಿನ್ನು ಜಾಸ್ತಿ ಮಾತಾಡುತ್ತಿರಲಿಲ್ಲ. ಆದರೆ ದಿನಕ್ಕೆ ಇಪ್ಪತ್ತು ಸಲ ಒಂದೇ ವಾಕ್ಯ ಹೇಳುತ್ತಿದ್ದ, ಅದೂ ಸ್ಪಷ್ಟವಾಗಿ, ರೇಡಿಯೋದಲ್ಲಿ ಬಂದ ಹಾಗೆ: "ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ." ಮಕ್ಕಳು ನಗುತ್ತಿದ್ದರು. ಒಮ್ಮೊಮ್ಮೆ ನಾನೂ ನಕ್ಕಿದ್ದೇನೆ. ಪಾಠದ ನಡುವೆ ಹೇಳಿದರೆ "ಸುಮ್ನಿರೋ" ಅಂತ ಗದರಿದ್ದೂ ಉಂಟು.

"ಅವನು ಯಾಕೆ ಯಾವಾಗ್ಲೂ ಚಂದಾದಾರರು ಸ್ವಿಚ್ ಆಫ್ ಅಂತಾನೆ?" ಅಂತ ಕೇಳಿದೆ.

ಅಮ್ಮ ಟೀಗೆ ಹಾಲು ಹಾಕುತ್ತಿದ್ದವರು, "ಯಾವ ಚಂದಾದಾರರು?" ಅಂದರು.

ಅಜ್ಜಿ ಹೇಳಿದರು. ಸೊಸೆ ಫ್ಯಾಕ್ಟರಿಗೆ ಹೋಗುತ್ತಲೇ ಫೋನ್ ಆಫ್ ಮಾಡಿ ಲಾಕರಿನಲ್ಲಿ ಇಡಬೇಕು. ಹುಡುಗ ಅಮ್ಮ ಬೇಕು ಅಂತ ಹಟ ಹಿಡಿದಾಗ ಅಜ್ಜಿ ನಂಬರ್ ಒತ್ತಿ ಅವನ ಕಿವಿಗೆ ಫೋನ್ ಕೊಡುತ್ತಿದ್ದರು. ಆ ಕಡೆಯಿಂದ ಬರುತ್ತಿದ್ದುದು ಆ ಒಂದೇ ಮಾತು. ವರ್ಷಗಟ್ಟಲೆ. "ಅವ್ವ ಬೇಕು ಅನ್ನಕ್ಕೆ ಅವ್ನು ಹಂಗೇ ಅನ್ನೋದು ಕಣವ್ವ. ನಿಂಗೊತ್ತಿಲ್ವಾ?"

ಆ ಕೊನೆಯ ಪ್ರಶ್ನೆ ನನಗೋ ಸೊಸೆಗೋ ಗೊತ್ತಾಗಲಿಲ್ಲ. ಸೊಸೆಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರುತ್ತದೆ? ಅವರು ಮನೆಯಲ್ಲಿರುವಾಗ ಅವನಿಗೆ ಆ ಮಾತು ಬೇಕೇ ಆಗುತ್ತಿರಲಿಲ್ಲ. ಅವರು ಒಲೆಯ ಕಡೆ ತಿರುಗಿ ನಿಂತುಬಿಟ್ಟರು. ಟೀ ಉಕ್ಕಿ ಚೆಲ್ಲಿತು. ಯಾರೂ ಏನೂ ಅನ್ನಲಿಲ್ಲ.

ಆಮೇಲೆ ನಮ್ಮ ಬ್ಲಾಕಿನ ಬಿಐಇಆರ್‌ಟಿ ಮೇಷ್ಟ್ರು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರು, ಬಂದಾಗ ಇದಕ್ಕೆ ಎಕೋಲೇಲಿಯಾ ಅಂತ ಹೆಸರಿದೆ, ಕೇಳಿದ ಮಾತನ್ನೇ ಇಡಿಯಾಗಿ ಎತ್ತಿಕೊಂಡು ತಮ್ಮ ಅರ್ಥಕ್ಕೆ ಬಳಸುತ್ತಾರೆ ಅಂದರು. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಒತ್ತಾಯ ಮಾಡಬೇಡಿ ಅಂತಲೂ ಹೇಳಿದರು. ಅದನ್ನೂ ನಾನು ಮಾಡುತ್ತಿದ್ದೆ, ಗಲ್ಲ ಹಿಡಿದು ಮುಖ ಎತ್ತಿ. ಬಿಟ್ಟೆ.

ಊರಲ್ಲಿ ಎಲ್ಲರಿಗೂ ಒಂದೊಂದು ಕಾರಣ ಸಿಕ್ಕಿತ್ತು. ತಾಯಿ ಕೆಲಸಕ್ಕೆ ಹೋಗುವುದರಿಂದ ಹೀಗೆ, ಮೊಬೈಲ್ ಕೊಟ್ಟಿದ್ದರಿಂದ ಹೀಗೆ. ಹಳ್ಳಿಯವರನ್ನು ಬಯ್ದು ಏನು ಪ್ರಯೋಜನ? ಒಂದು ಕಾಲದಲ್ಲಿ ಅಮೆರಿಕದ ದೊಡ್ಡ ದೊಡ್ಡ ಡಾಕ್ಟರುಗಳೇ ತಾಯಿಗೆ ಪ್ರೀತಿ ಸಾಲದ್ದರಿಂದ ಆಟಿಸಂ ಬರುತ್ತದೆ ಅಂತ ಬರೆದಿದ್ದರು. ಅದು ಸುಳ್ಳು ಅಂತ ತೀರ್ಮಾನವಾಗಿ ದಶಕಗಳಾದವು. ಸುದ್ದಿ ನಮ್ಮ ಅರಳಿಕಟ್ಟೆಗೆ ಇನ್ನೂ ತಲುಪಿಲ್ಲ, ಅಷ್ಟೇ.

ಮಾರನೇ ದಿನದಿಂದ ಬೆಲ್ ಹೊಡೆಯುವ ಮುಂಚೆ "ಈಗ ಬೆಲ್ ಆಗ್ತದೆ ಚಿನ್ನು" ಅನ್ನತೊಡಗಿದೆ. ವಾರದಲ್ಲಿ ಇಡೀ ಕ್ಲಾಸು ಅದನ್ನು ಕಲಿತುಬಿಟ್ಟಿತು. 25 ಮಕ್ಕಳು ಒಟ್ಟಿಗೆ "ಈಗ ಬೆಲ್ ಆಗ್ತದೆ ಚಿನ್ನೂ" ಅಂತ ಕೂಗಿದರೆ ಅದು ಬೆಲ್ಲಿಗಿಂತ ಜೋರು! ಅವನು ಅದಕ್ಕೂ ಕಿವಿ ಮುಚ್ಚಿಕೊಂಡ. ಪಿಸುಗುಟ್ಟಿ ಹೇಳಬೇಕು ಅಂತ ಅವರಿಗೆ ಕಲಿಸಲು ಇನ್ನೊಂದು ವಾರ ಹಿಡಿಯಿತು. ಬಿಸಿಯೂಟದಲ್ಲಿ ಅನ್ನ ಬೇರೆ, ಸಾರು ಬೇರೆ ಬಡಿಸಿ ಅಂತ ಅಡುಗೆಯಮ್ಮನಿಗೆ ಹೇಳಿದೆ. ಊಟ ಶುರುವಾಯಿತು.

ನಲಿಕಲಿ ಅವನಿಗೆ ಸರಿಯಾಗಿ ಹೊಂದಿತು. ಇದರ ಬಗ್ಗೆ ನನಗೆ ಸ್ವಲ್ಪ ಜಂಬ ಇದೆ, 1995ರಲ್ಲಿ ಇದು ಶುರುವಾಗಿದ್ದು ನಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಆ ಚಿತ್ರದ ಕಾರ್ಡನ್ನು ಮಗು ತಾನೇ ಹುಡುಕಿ ತರಬೇಕು. ಯಾರ ಮೆಟ್ಟಿಲು ಅವರದು. ಒಂದು ದಿನ ನಾನು ಕಾರ್ಡುಗಳ ಕಟ್ಟು ಬೀಳಿಸಿದೆ. ಚಿನ್ನು ಮೇಜಿನ ಕೆಳಗಿಂದ ಬಂದು ಏಣಿಯನ್ನು ನೋಡದೆಯೇ ಎಲ್ಲವನ್ನೂ ಕ್ರಮವಾಗಿ ಜೋಡಿಸಿಟ್ಟು ಮತ್ತೆ ಒಳಗೆ ಹೋದ. ಅಲ್ಲಿ ಕೂತು ಎರಡು ತಿಂಗಳು ಅವನು ಓದಿದ್ದು ಅದನ್ನೇ ಇರಬೇಕು.

ಆ ಸಂಜೆ ಅವನ ಅಮ್ಮನಿಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದೆ. ಅವರಿಗೆ ಓದುವುದು ಅಷ್ಟಾಗಿ ಬರುವುದಿಲ್ಲ. ಅಂದಿನಿಂದ ದಿನಕ್ಕೊಂದು, ಅರ್ಧ ನಿಮಿಷ, ಚಿನ್ನು ಇವತ್ತು ಏನು ಮಾಡಿದ ಅಂತ. ಎಲ್ಲ ದಿನವೂ ಒಳ್ಳೆಯ ಸುದ್ದಿ ಇರುತ್ತಿರಲಿಲ್ಲ. ಕಚ್ಚಿದ ದಿನ ಕಚ್ಚಿದ ಅಂತಲೇ ಹೇಳಿದೆ. ಆದರೆ ಅವರು "ತಪ್ಪಾಯ್ತು" ಅನ್ನುವುದು ನಿಂತಿತು. "ಯಾಕೆ ಕಚ್ಚಿದ ಮಿಸ್? ಯಾರಾದ್ರೂ ಅವನ ಜೋಡಣೆ ಕೆಡಿಸಿದ್ರಾ?" ಅಂತ ಕೇಳತೊಡಗಿದರು. ಕೆಡಿಸಿದ್ದರು.

ಡಿಸೆಂಬರಿನಲ್ಲಿ ಮೂರು ದಿನ ತರಬೇತಿಗೆ ಹೋಗಿದ್ದೆ. ವಾಪಸ್ ಬಂದಾಗ ಹೆಡ್‌ಮೇಷ್ಟ್ರು, "ಏನ್ ಮಿಸ್, ನಿಮ್ಮ ಹುಡುಗ ಮೂರು ದಿನಾನೂ ನಿಮ್ಮ ಕುರ್ಚಿ ಪಕ್ಕ ನಿಂತ್ಕೊಂಡು ಫೋನ್ ಸ್ವಿಚ್ ಆಫ್ ಆಗಿದೆ ಅಂತ ಹೇಳಿದ್ದೇ ಹೇಳಿದ್ದು" ಅಂದರು.

ಅದನ್ನೂ ಅವನ ಅಮ್ಮನಿಗೆ ವಾಯ್ಸ್ ಮೆಸೇಜ್ ಮಾಡಿದೆ. ರಾತ್ರಿ ಉತ್ತರ ಬಂತು. ಹಿಂದೆ ಕುಕ್ಕರ್ ಸದ್ದು.

"ಹಂಗಾದ್ರೆ ನೀವು ರಜಾ ಹಾಕೋ ಮುಂಚೆ ಅವನಿಗೆ ಒಂದ್ ಮಾತು ಹೇಳ್ಬುಡಿ ಮಿಸ್."