ಮನೆಗೆ 17 ಡಿಗ್ರಿ, ಗುಂಡನಿಗೆ 32

ಜನವರಿ 30, 2019, ಬುಧವಾರ
ಮಿನಿಯಾಪೊಲಿಸ್

ರಾತ್ರಿ ಅನಿಲ ಪೂರೈಸುವ ಕಂಪನಿಯಿಂದ ವಿನಂತಿ ಬಂದಿದೆ: ಎಲ್ಲರೂ ಮನೆಯ ಉಷ್ಣಾಂಶವನ್ನು 63 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿಕೊಳ್ಳಬೇಕಂತೆ. ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 17. ಬೆಳಗ್ಗೆ ಹೊರಗೆ ಮೈನಸ್ 33 ಇತ್ತು, ಅಂಚೆಯವರೂ ಇಂದು ಬರಲಿಲ್ಲ. ಇಂಥ ಚಳಿಯಲ್ಲಿ ಎಲ್ಲ ಮನೆಗಳೂ ಒಟ್ಟಿಗೆ ಅನಿಲ ಉರಿಸಿದರೆ ಕೊಳವೆಯ ಒತ್ತಡ ಕುಸಿಯುತ್ತದೆ. ಅವರು ಕೇಳಿದ್ದು ನ್ಯಾಯವೇ, ಇಳಿಸಿದೆವು. ನಮಗೆ ಸ್ವೆಟರ್ ಇದೆ, ಕಾಲುಚೀಲ ಇದೆ, ರಜಾಯಿ ಇದೆ. ಗುಂಡನಿಗೆ ಅವು ಯಾವುವೂ ಪ್ರಯೋಜನಕ್ಕೆ ಬರುವುದಿಲ್ಲ.

ಗುಂಡ ನಮ್ಮ ಬಾಲ್ ಪೈಥಾನ್, ಆಫ್ರಿಕದ ಒಂದು ಸಣ್ಣ ಹೆಬ್ಬಾವು. ಘಾನಾ, ಟೋಗೊ, ಬೆನಿನ್ ಕಡೆಯ ಹುಲ್ಲುಗಾವಲುಗಳಲ್ಲಿ ಇಲಿಯ ಬಿಲ, ಗೆದ್ದಲ ಹುತ್ತಗಳಲ್ಲಿ ಹಗಲು ಕಳೆಯುವ ಜಾತಿ. ಇವನು ಹುಟ್ಟಿದ್ದು ಇಲ್ಲಿಯೇ, ಸಾಕಣೆದಾರರೊಬ್ಬರ ಬಳಿ. ನಮ್ಮ ಭಾರತದಲ್ಲಿ ಅಲ್ಲಿಯದೇ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದನ್ನು 1972ರ ವನ್ಯಜೀವಿ ಕಾಯ್ದೆ ತಡೆಯುತ್ತದೆ; ಅದು ಹಾಗೆಯೇ ಇರಬೇಕೆಂದು ನಾನು ಈಗಲೂ ನಂಬುತ್ತೇನೆ.

ಊರಿನಲ್ಲಿ ಆಗ ಬೆಳಗಾಗಿತ್ತು. ತೀರ್ಥಹಳ್ಳಿಯಿಂದ ಅಮ್ಮ ಫೋನ್ ಮಾಡಿದವಳು ಚಳಿಯ ಸುದ್ದಿ ಕೇಳಿ, "ಅದಕ್ಕೂ ಒಂದು ಕಂಬಳಿ ಹೊದಿಸಬಾರದೇನೇ?" ಎಂದಳು. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ನಮ್ಮ ಮೈಯ ಬಿಸಿ ಆಚೆ ಹೋಗದಂತೆ ತಡೆಯುತ್ತದೆ ಅಷ್ಟೇ. ಹಾವಿನ ಮೈಯಲ್ಲಿ ಹಾಗೆ ತಡೆದಿಡುವಷ್ಟು ಬಿಸಿ ಹುಟ್ಟುವುದಿಲ್ಲ ಎಂದೆ. "ಹಾಗಾದರೆ ಪೆಟ್ಟಿಗೆಗೆ ಹೊದಿಸು" ಎಂದಳು. ಅವಳು ಹೇಳಿದ್ದನ್ನೇ ಮಾಡಿದೆ.

ಗುಂಡ ಇರುವುದು ಗಾಜಿನ ಪೆಟ್ಟಿಗೆಯಲ್ಲಿ, ಗಾಜು ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಪೆಟ್ಟಿಗೆಯ ಹಿಂಬದಿಗೂ ಎರಡು ಪಕ್ಕಗಳಿಗೂ ದಪ್ಪ ಥರ್ಮಾಕೋಲ್ ಹಾಳೆ ಕಟ್ಟಿ, ಅದರ ಮೇಲೆ ಹಳೆಯ ಉಣ್ಣೆಯ ಹೊದಿಕೆ ಸುತ್ತಿದೆವು. ಮುಂಭಾಗ ಹಾಗೇ ಇದೆ. ಮೇಲ್ಗಡೆ ಸಿರಾಮಿಕ್ ಹೀಟರ್ ಇರುವ ಜಾಗದ ಹತ್ತಿರಕ್ಕೂ ಬಟ್ಟೆ, ಥರ್ಮಾಕೋಲ್ ಸುಳಿಯಬಾರದು, ಬೆಂಕಿ ಹತ್ತೀತು. ಪೆಟ್ಟಿಗೆ ಮೊದಲಿನಿಂದಲೂ ಒಳಗೋಡೆಯ ಪಕ್ಕದಲ್ಲಿ, ನೆಲದಿಂದ ಎತ್ತರದ ಮೇಜಿನ ಮೇಲಿದೆ. ಕಿಟಕಿಯ ಬದಿಯಲ್ಲಿದ್ದಿದ್ದರೆ ಈ ರಾತ್ರಿ ಏನು ಮಾಡಿದರೂ ಸಾಲುತ್ತಿರಲಿಲ್ಲ.

ಇಡೀ ಪೆಟ್ಟಿಗೆಯನ್ನು ಒಂದೇ ಸಮನೆ ಕಾಯಿಸುವುದು ನಮ್ಮ ಉದ್ದೇಶವಲ್ಲ. ಒಂದು ತುದಿ 32 ಡಿಗ್ರಿ ಇದ್ದು ಇನ್ನೊಂದು 25, 26ರ ಹತ್ತಿರ ಇರಬೇಕು. ಎಲ್ಲಿ ಎಷ್ಟು ಹೊತ್ತು ಮಲಗಬೇಕೆಂದು ಅವನೇ ನಿರ್ಧರಿಸುತ್ತಾನೆ. ಕೋಣೆ 21ರಲ್ಲಿದ್ದಾಗ ಒಂದು ಹೀಟರ್ ಸಾಕಾಗುತ್ತಿತ್ತು. ಈಗ ತಂಪು ತುದಿ 22ಕ್ಕೆ ಇಳಿದಿತ್ತು. ಅಲ್ಲಿಗೂ ಒಂದು ಸಣ್ಣ ಹೀಟರ್ ಕೂರಿಸಿ, ಬಿಸಿ ಹೆಚ್ಚಾದರೆ ಹೀಟರನ್ನು ತಾನೇ ಆರಿಸುವ ಥರ್ಮೋಸ್ಟಾಟ್ ಅದಕ್ಕೆ ಬೇರೆಯೇ ಕೊಟ್ಟೆವು. ಥರ್ಮೋಸ್ಟಾಟ್ ಇಲ್ಲದ ಯಾವ ಹೀಟರನ್ನೂ ನಾನು ಹಾವಿನ ಬಳಿ ಇಡುವುದಿಲ್ಲ. ಇದರಲ್ಲಿ ರಾಜಿಯಿಲ್ಲ. ಅಂಗಡಿಗಳಲ್ಲಿ ಮಾರುವ ಬಿಸಿಯಾಗುವ ಕಲ್ಲುಗಳ ಮೇಲೆ ಸುಮ್ಮನೆ ಮಲಗಿದ ಹಾವುಗಳು ಹೊಟ್ಟೆ ಸುಟ್ಟುಕೊಂಡಿವೆ. ಬಾಲ್ ಪೈಥಾನ್‌ಗೆ ತುಟಿಯ ಅಂಚಿನಲ್ಲೇ ಬಿಸಿಯನ್ನು ಗ್ರಹಿಸುವ ಕುಳಿಗಳಿವೆ, ಕತ್ತಲಲ್ಲಿ ಇಲಿಯ ಮೈಬಿಸಿ ಹಿಡಿದು ಬೇಟೆಯಾಡಬಲ್ಲದು. ಆದರೂ ಸುಡುತ್ತಿರುವ ಕಲ್ಲಿನಿಂದ ಅದು ಎದ್ದು ಹೋಗುತ್ತದೆ ಎಂಬ ಭರವಸೆಯಿಲ್ಲ. ಥರ್ಮೋಸ್ಟಾಟ್‌ಗೆ ಉಷ್ಣಾಂಶ ತಿಳಿಸುವ ಸೆನ್ಸರ್ ತಂತಿಯನ್ನು ಗಟ್ಟಿಯಾಗಿ ಅಂಟಿಸಿರುವುದೂ ಇದಕ್ಕಾಗಿಯೇ. ಹಾವು ಅದನ್ನು ತಳ್ಳಿ ತಂಪಿನ ಕಡೆಗೆ ಬೀಳಿಸಿದರೆ ಹೀಟರ್ ಎಡೆಬಿಡದೆ ಉರಿಯುತ್ತದೆ.

ಚಳಿಗಾಲದಲ್ಲಿ ನನ್ನನ್ನು ಹೆಚ್ಚು ಕಾಡುವುದು ಒಣಗಾಳಿ. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಿನ ಅಂಶ ಇರುವುದೇ ತೀರಾ ಕಡಿಮೆ; ಅದನ್ನು ಮನೆಯೊಳಗೆ ಕಾಯಿಸಿದಾಗ ಅದು ಎಲ್ಲದರಿಂದಲೂ ತೇವ ಹೀರುತ್ತದೆ. ನಮ್ಮ ತುಟಿ ಒಡೆಯುವುದು, ಬಾಗಿಲ ಹಿಡಿ ಮುಟ್ಟಿದರೆ ಕಿಡಿ ಹಾರುವುದು ಇದರಿಂದಲೇ. ಗುಂಡನಿಗೆ ಶೇಕಡಾ 60ರಷ್ಟು ತೇವ ಬೇಕು. ಅದಿಲ್ಲದಿದ್ದರೆ ಪೊರೆ ಒಂದೇ ಹಾಳೆಯಾಗಿ ಕಳಚುವುದಿಲ್ಲ, ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ, ಕೆಲವೊಮ್ಮೆ ಕಣ್ಣಿನ ಮೇಲೂ ಉಳಿದುಬಿಡುತ್ತದೆ. ಹೀಟರ್ ಹೆಚ್ಚು ಉರಿದಷ್ಟೂ ಒಳಗೆ ಹೆಚ್ಚು ಒಣಗುತ್ತದೆ. ಹಾಗೆಂದು ಎಲ್ಲೆಡೆ ನೀರು ಚಿಮುಕಿಸಿದರೆ ತಂಪೂ ಒದ್ದೆಯೂ ಸೇರಿ ಉಸಿರಾಟದ ಸೋಂಕಿಗೆ ದಾರಿಯಾಗುತ್ತದೆ. ತೆಂಗಿನ ಸಿಪ್ಪೆಯ ಚೂರುಗಳ ಹಾಸಿಗೆಯ ಮೂಲೆಗಳಲ್ಲಿ ಉಗುರುಬೆಚ್ಚಗಿನ ನೀರನ್ನು ನಿಧಾನವಾಗಿ ಸುರಿದೆ, ಅದು ತಳಕ್ಕಿಳಿದು ಮೇಲ್ಭಾಗ ಒಣಗಿಯೇ ಇರುತ್ತದೆ. ಜಾಲರಿಯ ಮುಚ್ಚಳದ ಅರ್ಧವನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿದೆ. ತೇವ 44ರಿಂದ 58ಕ್ಕೆ ಏರಿದೆ.

ಹನ್ನೊಂದರ ಸುಮಾರಿಗೆ ಅವನನ್ನು ಎತ್ತಿಕೊಂಡು ನೋಡಿದೆ. ಬಾಯಿ ಮುಚ್ಚಿದೆ, ಮೂಗಿನ ಹೊಳ್ಳೆಗಳಲ್ಲಿ ಗುಳ್ಳೆಯಿಲ್ಲ, ಕಿವಿಗೆ ಹತ್ತಿರ ಹಿಡಿದರೆ ಸಿಳ್ಳೆಯ ಸದ್ದಿಲ್ಲ. ನಾಲಿಗೆ ಚುರುಕಾಗಿ ಹೊರಬಂದು ನನ್ನ ಮಣಿಕಟ್ಟನ್ನು ಮುಟ್ಟಿತು. ಬೆಚ್ಚನೆಯ ತುದಿಯ ಗೂಡಿಗೆ ಬಿಟ್ಟ ಕೂಡಲೇ ಒಳಗೆ ಸುತ್ತಿಕೊಂಡ.

ಕರೆಂಟು ಹೋದರೆ ಏನು ಮಾಡಬೇಕೆಂದು ಮನೆಯವರಿಗೂ ಹೇಳಿಟ್ಟಿದ್ದೇನೆ. ಹತ್ತಿಯ ಚೀಲದಲ್ಲಿ ಹಾವು, ಗಾಳಿಗೆ ತೂತು ಮಾಡಿದ ಥರ್ಮಾಕೋಲ್ ಡಬ್ಬ, ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ. ಬಾಟಲಿ ಕೈಗೆ ಹಿತವಾದಷ್ಟೇ ಬಿಸಿಯಿರಬೇಕು, ಹಾವಿನ ಮೈಗೆ ನೇರವಾಗಿ ತಗುಲಬಾರದು.

ನಾಳೆ ಅವನಿಗೆ ಊಟದ ದಿನ. ಫ್ರೀಜರ್‌ನಲ್ಲಿರುವ ಇಲಿಯನ್ನು ಹೊರಗೆ ತೆಗೆಯುವುದಿಲ್ಲ. ಹೊಟ್ಟೆಗೆ ಹೋದದ್ದು ಅರಗಲು ದಿನಗಟ್ಟಲೆ ಸ್ಥಿರವಾದ ಬಿಸಿ ಬೇಕು. ಅದು ಮಧ್ಯೆ ಕೈಕೊಟ್ಟರೆ ನುಂಗಿದ್ದನ್ನು ಕಕ್ಕಿಬಿಡಬಹುದು, ಅದರಿಂದ ಸುಧಾರಿಸಿಕೊಳ್ಳುವುದು ಹಾವಿಗೆ ಬಹಳ ಕಷ್ಟ. ಬೆಳೆದ ಬಾಲ್ ಪೈಥಾನ್ ಒಂದು ವಾರದ ಉಪವಾಸದಿಂದ ಸೊರಗುವುದಿಲ್ಲ. ಮನೆ ಮತ್ತೆ 21ಕ್ಕೆ ಬಂದು, ಎರಡೂ ತುದಿಗಳ ಉಷ್ಣಾಂಶ ಒಂದು ದಿನ ಪೂರ್ತಿ ನಿಂತ ಮೇಲೆ ಊಟ ಕೊಡುತ್ತೇನೆ.