ಫ್ಲಾಟ್ ಕೊಟ್ಟರೂ ಸ್ಲಮ್ಮಿಗೇ ಯಾಕೆ ವಾಪಸ್ ಬರ್ತಾರೆ?

ಬೆಂಗಳೂರಿನ ಕೊಳಗೇರಿಗಳಲ್ಲಿ ರೇಷನ್ ಕಾರ್ಡು, ಪಿಂಚಣಿ, ಹಕ್ಕುಪತ್ರ ಅಂತ ಜನರಿಗೆ ಅರ್ಜಿ ಬರೆದುಕೊಡುತ್ತೇನೆ. ಇದು ಗೊತ್ತಾದ ಕೂಡಲೇ ನೆಂಟರಿರಲಿ, ಪಕ್ಕದ ಮನೆಯವರಿರಲಿ, ಕೇಳುವುದು ಒಂದೇ ಪ್ರಶ್ನೆ. "ಸರ್ಕಾರ ಫ್ಲಾಟ್ ಕಟ್ಟಿಕೊಟ್ಟರೂ ಅದನ್ನ ಬಾಡಿಗೆಗೆ ಬಿಟ್ಟು ಮತ್ತೆ ಸ್ಲಮ್ಮಿಗೇ ಬರ್ತಾರಲ್ಲ, ಅವರಿಗೆ ಅಲ್ಲಿರೋದೇ ಇಷ್ಟ ಅಲ್ವಾ?"

ಇಷ್ಟ ಅಂತ ಯಾರೂ ಬರುವುದಿಲ್ಲ. ಕೊಟ್ಟ ಫ್ಲಾಟಿನಿಂದ ಕೆಲಸ ದೂರ ಆಗುತ್ತದೆ, ಅದಕ್ಕೆ ಬರುತ್ತಾರೆ.

ನನಗೆ ಗೊತ್ತಿರುವ ಒಬ್ಬ ಅಕ್ಕ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಮೊದಲನೇ ಮನೆಯವರು ಆಫೀಸಿಗೆ ಹೊರಡುವವರು. ಬೆಳಿಗ್ಗೆ ಆರಕ್ಕೆಲ್ಲ ಹೋಗಿ ಪಾತ್ರೆ ತೊಳೆದು, ನೆಲ ಒರೆಸಿ ಮುಗಿಸಬೇಕು. ಆಮೇಲೆ ಎರಡನೇ ಮನೆ. ಹನ್ನೊಂದಕ್ಕೆ ಗುಡಿಸಲಿಗೆ ಬಂದು ನೀರು ಹಿಡಿದು, ಅನ್ನ ಮಾಡಿಟ್ಟು, ಸಂಜೆ ನಾಲ್ಕಕ್ಕೆ ಮೂರನೇ ಮನೆ. ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಅವರಿಗೆ ಊರಾಚೆ ಮೂರನೇ ಮಹಡಿಯಲ್ಲಿ ಮನೆ ಸಿಕ್ಕಿತು. ಗೋಡೆ ಗಟ್ಟಿ, ಒಳಗೇ ಕಕ್ಕಸು. ಸಂತೋಷದಿಂದಲೇ ಹೋದರು. ಆದರೆ ಅಲ್ಲಿಂದ ಎರಡು ಬಸ್ ಹಿಡಿದು ಆರಕ್ಕೆ ಬರೋದು ಆಗಲಿಲ್ಲ. ಮೊದಲನೇ ಮನೆಯವರು ಬೇರೆಯವರನ್ನು ನೋಡಿಕೊಂಡರು. ಮಧ್ಯಾಹ್ನ ಮನೆಗೆ ಹೋಗಿ ಬರಲು ಆಗದೆ ಸಂಜೆಯ ಕೆಲಸವೂ ಕೈಬಿಟ್ಟಿತು. ಗಂಡನದು ತರಕಾರಿ ತಳ್ಳುಗಾಡಿ. ಅದನ್ನು ಮೂರನೇ ಮಹಡಿಗೆ ಹೊತ್ತುಕೊಂಡು ಹೋಗೋಕಾಗುತ್ತಾ? ಕೆಳಗೆ ಬಿಟ್ಟರೆ ಬೆಳಿಗ್ಗೆ ಇರುತ್ತೆ ಅನ್ನೋ ನಂಬಿಕೆ ಇಲ್ಲ. ಕೊನೆಗೆ ಫ್ಲಾಟಿಗೆ ಬೀಗ ಹಾಕಿ ಹಳೇ ಜಾಗದ ಪಕ್ಕದಲ್ಲೇ ಬಾಡಿಗೆಗೆ ಬಂದರು. "ನೋಡಿದ್ರಾ, ಎಷ್ಟು ಕೊಟ್ಟರೂ ಇವರು ಉದ್ಧಾರ ಆಗಲ್ಲ" ಅಂದವರೂ, ಆರು ಗಂಟೆಗೆ ಬರಲೇಬೇಕು ಅಂದವರೂ ಬೇರೆಬೇರೆಯವರಲ್ಲ. ಇದು ನನಗೆ ತುಂಬಾ ನೋವು ಕೊಡುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಬಸ್ ಖರ್ಚು ಉಳಿಯಿತು, ಅದು ದೊಡ್ಡ ಸಹಾಯವೇ. ಆದರೆ ಟಿಕೆಟ್ ಫ್ರೀ ಆದರೂ ದಾರಿ ಅಷ್ಟೇ ಉದ್ದ.

ಈ ಮಾತನ್ನು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಮುಂಬೈನ ಫುಟ್‌ಪಾತ್ ನಿವಾಸಿಗಳ ಕೇಸಿನಲ್ಲಿ, ಆ ಜನ ಅಲ್ಲಿರುವುದು ಹೊಟ್ಟೆಪಾಡು ಅಲ್ಲಿದೆ ಅಂತ, ಎಬ್ಬಿಸಿದರೆ ಬದುಕೇ ಕಿತ್ತುಕೊಂಡ ಹಾಗೆ ಅಂತ ಒಪ್ಪಿಕೊಂಡಿತು. ಆದರೆ 2000ದಲ್ಲಿ ದೆಹಲಿಯ ಕಸ ವಿಲೇವಾರಿಯ ಕೇಸಿನಲ್ಲಿ ಅದೇ ಕೋರ್ಟು, ಒತ್ತುವರಿ ಮಾಡಿದವರಿಗೆ ಬದಲಿ ಜಾಗ ಕೊಡುವುದು ಜೇಬುಗಳ್ಳನಿಗೆ ಬಹುಮಾನ ಕೊಟ್ಟಂತೆ ಅಂದಿತು. ನಮ್ಮ ಜನರ ಬಾಯಲ್ಲಿ ನಿಂತಿರುವುದು ಈ ಎರಡನೇ ಮಾತೇ.

"ನಮ್ಮ ತೆರಿಗೆ ದುಡ್ಡಲ್ಲಿ ಅವರಿಗೆ ಎಲ್ಲಾ ಬಿಟ್ಟಿ" ಅನ್ನುವವರಿಗೆ ಕುಡಿಯುವ ನೀರಿನ ಲೆಕ್ಕ ಹೇಳುತ್ತೇನೆ. ನಲ್ಲಿ ಇಲ್ಲದ ಗುಡಿಸಲಿನವರು ಶುದ್ಧ ನೀರಿನ ಘಟಕಕ್ಕೆ ಹೋಗಿ ವರ್ಷಗಟ್ಟಲೆ 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುತ್ತಿದ್ದರು. ಅಂದರೆ ಸಾವಿರ ಲೀಟರಿಗೆ 250 ರೂಪಾಯಿ. ಕಾವೇರಿ ಸಂಪರ್ಕ ಇರುವ ಮನೆಗೆ ಮೊದಲ 8,000 ಲೀಟರ್‌ವರೆಗೆ ಸಾವಿರ ಲೀಟರಿಗೆ 7 ರೂಪಾಯಿ ದರ ವರ್ಷಗಟ್ಟಲೆ ಇತ್ತು. ಅದರ ಮೇಲೆ ಬೇರೆ ಶುಲ್ಕ ಇದ್ದೇ ಇವೆ, ಸೇರಿಸಿಕೊಳ್ಳಿ. ಆದರೂ ರಿಯಾಯಿತಿ ಸಿಗುತ್ತಿದ್ದುದು ಯಾರಿಗೆ?

ಈಜೀಪುರದ ಕಥೆ ಹೇಳದೆ ಈ ಉತ್ತರ ಪೂರ್ತಿ ಆಗುವುದಿಲ್ಲ. ಕೋರಮಂಗಲದ ಪಕ್ಕದಲ್ಲಿ ಬಡವರಿಗೆಂದೇ ಪಾಲಿಕೆ ಕಟ್ಟಿಸಿದ್ದ ಕ್ವಾರ್ಟರ್ಸ್ ಕಳಪೆ ಕಾಮಗಾರಿಯಿಂದ ಕುಸಿಯಿತು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿ ಕಾದರು. ಅಷ್ಟರಲ್ಲಿ ಆ ಜಾಗದ ಒಂದು ಪಾಲನ್ನು ಮಾಲ್ ಕಟ್ಟಲು ಖಾಸಗಿಯವರಿಗೆ ಕೊಡುವ ಒಪ್ಪಂದ ಆಯಿತು. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಸುಮಾರು 1,500 ಕುಟುಂಬಗಳನ್ನು ಎಬ್ಬಿಸಿದರು. ಜನವರಿ ಅಂದರೆ ಶಾಲೆ ನಡೆಯುತ್ತಿರುವ ಸಮಯ, ಎರಡು ತಿಂಗಳಿಗೆ ಪರೀಕ್ಷೆ. ಹತ್ತು ವರ್ಷ ಕಳೆದರೂ ಅಲ್ಲಿ ಅವರ ಮನೆ ಎದ್ದಿರಲಿಲ್ಲ. ಇಂಥದ್ದನ್ನು ಕಂಡವರು ಹೊಸ ಯೋಜನೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಹಿಂದೆಮುಂದೆ ನೋಡಿದರೆ, ಅದನ್ನು ಮೊಂಡುತನ ಅಂತ ಕರೆಯೋದು ನ್ಯಾಯ ಅಲ್ಲ.

ಇನ್ನು ನೀಲಿ ಟಾರ್ಪಾಲಿನ ಗುಡಿಸಲುಗಳು. ಸರ್ಕಾರ ಕೊಳಗೇರಿ ಅಂತ ಘೋಷಣೆ ಮಾಡದ ಜಾಗಗಳಿವು, ಹಾಗಾಗಿ ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆಯೂ ಇಲ್ಲ, ಹಕ್ಕುಪತ್ರವೂ ಇಲ್ಲ. ಇಲ್ಲಿರುವವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಬಹಳ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ "ಬಾಂಗ್ಲಾದವರು" ಅಂತ ಗುಡಿಸಲುಗಳನ್ನು ಕೆಡವಿದರು. ಮನೆ ಕಳೆದುಕೊಂಡವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಕೈಯಲ್ಲಿ ಆಧಾರ್ ಹಿಡಿದು, ನಮ್ಮ ನಿಮ್ಮ ಹಾಗೆ ಕನ್ನಡದಲ್ಲೇ ಅಳುತ್ತಿದ್ದರು. ಹೈಕೋರ್ಟ್ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಗುಡಿಸಲು ಕಂಡರೆ ಸಾಕು, ಒಳಗಿರುವವರು ಯಾರು ಅಂತ ಕೇಳದೆಯೇ ತೀರ್ಮಾನ ಮಾಡುವ ಅಭ್ಯಾಸ ನಮಗಿದೆ.

"ಹಾಗಾದರೆ ಊರಿಗೇ ಹೋಗಬಹುದಲ್ಲ?" ಅಂತಲೂ ಕೇಳುತ್ತಾರೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್‌ನಲ್ಲಿ, ಹೊರರಾಜ್ಯದ ಕಾರ್ಮಿಕರು ಹೋಗುತ್ತೇವೆ ಅಂತಲೇ ಹೊರಟಿದ್ದರು. ಬಿಲ್ಡರ್‌ಗಳ ಜೊತೆ ಮುಖ್ಯಮಂತ್ರಿಗಳ ಸಭೆ ಆದಮೇಲೆ ಕರ್ನಾಟಕ ಸರ್ಕಾರ ಅವರ ರೈಲುಗಳನ್ನೇ ನಿಲ್ಲಿಸಿತು. ಟೀಕೆ ಜಾಸ್ತಿ ಆದಮೇಲಷ್ಟೇ ಮತ್ತೆ ಬಿಟ್ಟಿತು. ಈ ಊರಿಗೆ ಅವರ ಕೆಲಸ ಬೇಕು, ಅವರ ಮನೆ ಬೇಡ.

ಇರುವ ಜಾಗದಲ್ಲೇ ಮನೆ ಕಟ್ಟಿಕೊಟ್ಟರೆ ಈ ಪ್ರಶ್ನೆ ಹುಟ್ಟುವುದೇ ಕಮ್ಮಿ. ಕಾಮಗಾರಿ ನಡೆಯುವಾಗ ಹತ್ತಿರದಲ್ಲೇ ಶೆಡ್, ಯಾವಾಗ ಮನೆ ಕೊಡುತ್ತೇವೆ ಅನ್ನುವುದು ಬರವಣಿಗೆಯಲ್ಲಿ, ಗಾಡಿ ನಿಲ್ಲಿಸಲು ಬೀಗ ಹಾಕುವಂಥ ಜಾಗ. ನಾನು ಬರೆಯುವ ಅರ್ಜಿಗಳಲ್ಲಿ ಜನ ಮತ್ತೆ ಮತ್ತೆ ಕೇಳುವುದು ಇಷ್ಟನ್ನೇ. ನಿಮ್ಮ ಬಡಾವಣೆಯ ಪಕ್ಕದಲ್ಲಿ ತೆರವಿನ ನೋಟಿಸ್ ಬಂದರೆ, ನಿವಾಸಿಗಳ ಸಂಘದಿಂದ "ಇವರಿಗೆ ಇಲ್ಲೇ ಮನೆ ಕೊಡಿ" ಅಂತ ಒಂದು ಪತ್ರ ಬರೆಯಿಸಿ. ಅರ್ಜಿ ಬರೆಯಲು ನಾನು ಬರುತ್ತೇನೆ.